ಹುಳು ಮನೇಲಿ ಅಣಬೆ: ಮೊದಲ ಬೆಳೆಯ ಲೆಕ್ಕ

ನಮ್ಮ ಹಳೇ ಹುಳು ಮನೆ ಕಿಟಕಿಗೆ ಕಪ್ಪು ಟಾರ್ಪಾಲು ಯಾಕೆ ಕಟ್ಟಿದ್ದೀಯ, ರಾತ್ರಿ ಹೊತ್ತು ಒಳಗೆ ಲೈಟು ಯಾಕೆ ಉರೀತಿರುತ್ತೆ ಅಂತ ಕಾರ್ತಿಕ ಮುಗಿದಾಗಿಂದ ಕೇಳ್ತಾನೇ ಇದ್ದೀರಿ. ಕೆಲವರು ನನ್ನನ್ನೇ ಕೇಳಿದ್ರಿ. ಕೆಲವರು ನನ್ನೊಬ್ಬನನ್ನು ಬಿಟ್ಟು ಊರಲ್ಲಿ ಮಿಕ್ಕೋರನ್ನೆಲ್ಲ ಕೇಳಿದ್ರಿ. ಈಗ ಬೆಳೆ ಮುಗಿದಿದೆ, ಖರ್ಚು ವೆಚ್ಚದ ಲೆಕ್ಕಾನೂ ಹಾಕಿದ್ದೀನಿ, ಅದಕ್ಕೆ ಬರೀತಿದ್ದೀನಿ. ಉದ್ದ ಇದೆ, ಸಂಜೆ ಹಾಲು ಹಾಕಿ ಬಂದ ಮೇಲೆ ಓದಿ.

ಒಳಗೆ ಬೆಳೆದಿದ್ದು ಅಣಬೆ. ಚಿಪ್ಪು ಅಣಬೆ ಅಂತಾರಲ್ಲ, ಬಿಳೀದು, ಫ್ಲೋರಿಡಾ ಅನ್ನೋ ಜಾತಿ. 40 ಚೀಲ ಕಟ್ಟಿದ್ದೆ.

ನಮ್ಮ ಹುಳು ಮನೆ ಗೊತ್ತಲ್ಲ, ನಮ್ಮಪ್ಪ ಕಟ್ಟಿಸಿದ್ದು. 30 ಅಡಿ ಉದ್ದ, 18 ಅಡಿ ಅಗಲ, ಮಣ್ಣಿನ ಗೋಡೆ, ಮಂಗಳೂರು ಹೆಂಚು. ಎರಡು ವರ್ಷದಿಂದ ಅದು ಖಾಲಿ ಬಿದ್ದಿತ್ತು. ನಮ್ಮ ಮನೆಯವರಿಗೆ ಮಂಡಿ ನೋವು, ಮಕ್ಕಳಿಬ್ಬರೂ ಬೆಂಗಳೂರಲ್ಲಿ, ಕೊನೇ ಹಂತದಲ್ಲಿ ಹುಳುವಿಗೆ ಹಗಲು ರಾತ್ರಿ ಸೊಪ್ಪು ಹಾಕಕ್ಕೆ ಆಳು ಸಿಗಲ್ಲ. ಸೊಪ್ಪಿನ ತೋಟಾನ ನನ್ನ ತಮ್ಮ ನೋಡ್ಕೊಳ್ತಾನೆ. ಅವನ ಹುಳು ಮನೆ ನಮ್ಮದಕ್ಕೆ ಐವತ್ತು ಅರವತ್ತು ಅಡಿ ದೂರ, ಮಧ್ಯೆ ಒಂದು ಹುಣಸೆ ಮರ ಮತ್ತು ತಿಪ್ಪೆ. ಈ ದೂರಾನ ನೆನಪಿಟ್ಕೊಳ್ಳಿ, ಮುಂದೆ ಇದರ ಮಾತು ಬರುತ್ತೆ.

ನನಗೆ ಅಣಬೆ ಯಾಕೆ ಹೊಳೀತು ಅಂದ್ರೆ, ರೇಷ್ಮೆ ಮಾಡಿದೋನಿಗೆ ಈ ಕೆಲಸದಲ್ಲಿ ಅರ್ಧ ಮೊದಲೇ ಗೊತ್ತಿರುತ್ತೆ. ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯೋದು, ಸುಣ್ಣ ಬಳಿಯೋದು, ಬಾಗಿಲಲ್ಲಿ ಕಾಲು ಅದ್ದೋ ಚೀಲ ಇಡೋದು, ಒಣ-ಒದ್ದೆ ಥರ್ಮಾಮೀಟರ್ ನೋಡಿ ತೇವ ಹೇಳೋದು, ಗೋಣಿ ನೆನೆಸಿ ಕಿಟಕಿಗೆ ಕಟ್ಟೋದು, ಇದೆಲ್ಲ ನಮಗೆ ಕೈಗೆ ಹತ್ತಿದ ಕೆಲಸ. ಹೇಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೇಲಿ ಅಣಬೆ ತರಬೇತಿನೂ ಕೊಡ್ತಾರೆ, ಬೀಜಾನೂ ಮಾರ್ತಾರೆ. ಹುಳುವಿಗೆ ಬೇಕಾದ ಬಿಸಿಯೂ ಅಣಬೆಗೆ ಬೇಕಾದ ಬಿಸಿಯೂ ಹತ್ತಿರ ಹತ್ತಿರ ಒಂದೇ, 25 ಡಿಗ್ರಿ ಆಸುಪಾಸು. ಒಂದೇ ವ್ಯತ್ಯಾಸ ಏನಪ್ಪಾ ಅಂದ್ರೆ, ಮೂವತ್ತು ವರ್ಷ ಆ ಮನೇಲಿ ಬೂಷ್ಟು ಬರದೇ ಇರಲಪ್ಪ ಅಂತ ದೇವರಿಗೆ ಕೈ ಮುಗಿದೋನು, ಈಗ ಅದೇ ಮನೇಲಿ ಬೂಷ್ಟು ಚೆನ್ನಾಗಿ ಹಬ್ಬಲಿ ಅಂತ ಕಾಯ್ತಾ ಕೂತಿದ್ದೆ. ಅಣಬೆಯೂ ಒಂದು ಜಾತಿ ಬೂಷ್ಟೇ ತಾನೇ. ನಮಗೆ ಬೇಕಾದ ಬೂಷ್ಟು ಬೇಡದ ಬೂಷ್ಟಿಗಿಂತ ಮೊದಲು ಹುಲ್ಲನ್ನ ಹಿಡೀಬೇಕು. ಈ ವ್ಯವಸಾಯ ಇರೋದೇ ಇಷ್ಟು.

ಹುಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಗೆದ್ದರೂ ಸೋತರೂ ಇಲ್ಲೇ. ಭತ್ತದ ಹುಲ್ಲನ್ನ ಹೊರಗಿನಿಂದ ತರಿಸಿದೆ. ಮೇಲೆ ನೋಡಕ್ಕೆ ಚಿನ್ನದಂಗೆ ಇತ್ತು. ಬಿಚ್ಚಿದ್ರೆ ಒಳಗಿನ ಕಟ್ಟುಗಳು ಮಳೆಗೆ ನೆಂದು ಕಪ್ಪಾಗಿ ಮುಗ್ಗಲು ವಾಸನೆ. ಮಾರಿದೋರ ಹೆಸರು ಬೇಡ, ಹಣ ವಾಪಸ್ಸೂ ಬರಲಿಲ್ಲ. ಮೂರರಲ್ಲಿ ಒಂದು ಭಾಗ ತೆಗೆದು ದನದ ಕಾಲಡಿಗೆ ಹಾಕಿಬಿಟ್ಟೆ. ಕಡಿಮೆ ಬಿದ್ದಿದ್ದಕ್ಕೆ ನಮ್ಮದೇ ರಾಗಿ ಹುಲ್ಲು ಸೇರಿಸಿದೆ. ಹಿಂಗಾಗಿ 25 ಚೀಲ ಭತ್ತದ ಹುಲ್ಲಿಂದು, 15 ಚೀಲ ರಾಗಿ ಹುಲ್ಲಿಂದು ಆಯ್ತು. ಚಾಫ್ ಕಟರ್‌ನಲ್ಲಿ ಎರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿ ತೊಟ್ಟೀಲಿ ನೆನೆ ಹಾಕಿ, ಬೆಳಗ್ಗೆ ಡ್ರಮ್ಮಿಗೆ ತುಂಬಿ ಸೌದೆ ಒಲೆ ಮೇಲೆ ಬೇಯಿಸಿದೆ. ನೀರು 80 ಡಿಗ್ರಿ ಮುಟ್ಟಿದ ಮೇಲೆ ಒಂದು ಗಂಟೆ ಅದೇ ಬಿಸೀಲಿ ಇರಬೇಕು. ಕುದಿದು ಉಕ್ಕಬೇಕಾಗಿಲ್ಲ. ಇದರಿಂದ ಹುಲ್ಲಲ್ಲಿರೋ ಬೇಡದ ಬೂಷ್ಟು ಮುಕ್ಕಾಲು ಸಾಯುತ್ತೆ.

ಆಮೇಲೆ ನೀರು ಬಸಿಯೋದು. ತೊಳೆದ ಟಾರ್ಪಾಲಿನ ಮೇಲೆ ನೆರಳಲ್ಲಿ ಹರಡಿ, ಒಂದು ಹಿಡಿ ತಗೊಂಡು ಬಲವಾಗಿ ಹಿಂಡಿ ನೋಡಬೇಕು. ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆ ಆಗಬೇಕು. ತರಬೇತಿ ಕೊಡೋರು ಇದನ್ನ 65 ಪರ್ಸೆಂಟ್ ತೇವಾಂಶ ಅಂತಾರೆ. ನಮ್ಮ ಮನೆಯವರು ಒಂದು ಸಲ ಹಿಂಡಿ ನೋಡಿ, ‘ಮುದ್ದೆ ಹದ ಹೇಳೋ ಕೈಗೆ ಇದು ಗೊತ್ತಾಗಲ್ವಾ’ ಅಂದ್ರು. 40 ಚೀಲಕ್ಕೂ ಅವರೇ ಹದ ಹೇಳಿದ್ದು, ನಾನು ತುಂಬಿದ್ದು.

ತುಂಬೋದು ಸುಲಭ. ಒಂದು ಚೀಲಕ್ಕೆ ಒಂದು ಕೆ.ಜಿ. ಒಣ ಹುಲ್ಲಿನ ಲೆಕ್ಕ, ನೂರು ಗ್ರಾಂ ಬೀಜ. ಬೀಜ ಅಂದ್ರೆ ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ನೂಲು ಹಬ್ಬಿಸಿರ್ತಾರೆ, ಮೊಸರು ಹೆಪ್ಪಿನ ಹಾಗೆ. ಒಂದು ಪದರ ಹುಲ್ಲು, ಅಂಚಿಗೆ ಸುತ್ತ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ. ಗಟ್ಟಿಯಾಗಿ ಒತ್ತಿ, ಬಾಯಿ ಕಟ್ಟಿ, ದಬ್ಬಳದಲ್ಲಿ ಸುತ್ತ ಇಪ್ಪತ್ತು ತೂತು. ಹಳೇ ತಟ್ಟೆ ಸ್ಟ್ಯಾಂಡಿನ ಮೇಲೆ ಜೋಡಿಸಿ ಕಿಟಕಿಗೆ ಕಪ್ಪು ಟಾರ್ಪಾಲು ಕಟ್ಟಿದೆ. ನೂಲು ಹಬ್ಬೋ ಕಾಲದಲ್ಲಿ ಕತ್ತಲೆ ಇರಬೇಕು. 15-20 ದಿನ ಅಂತಾರೆ, ನಮಗೆ ಚಳಿಗೆ 23 ದಿನ ಹಿಡೀತು.

ಈ 23 ದಿನದಲ್ಲೇ ಎಲ್ಲಾ ಕಥೆ ಆಗಿದ್ದು.

ಮೊದಲು ಪೊಲೀಸರ ವಿಷಯ ಮುಗಿಸಿಬಿಡ್ತೀನಿ, ಇದನ್ನ ಕೇಳೋರೇ ಜಾಸ್ತಿ. ಬೆಂಗಳೂರು ಕಡೆ ಬಾಡಿಗೆ ಮನೇಲಿ ಕಿಟಕಿ ಮುಚ್ಚಿ, ಲೈಟು ಹಾಕಿ, ಕುಂಡದಲ್ಲಿ ಗಾಂಜಾ ಬೆಳೆದು ಸಿಕ್ಕಿಬಿದ್ದೋರ ಸುದ್ದಿ ಟಿ.ವಿ.ಲಿ ಆಗಾಗ ಬರುತ್ತಲ್ಲ. ನಮ್ಮ ಮನೇಲೂ ಕಿಟಕಿ ಮುಚ್ಚಿದೆ, ಒಳಗೆ ಲೈಟು, ಮಕ್ಕಳನ್ನ ಬಿಡಲ್ಲ, ಬಂದೋರಿಗೆ ಕೈಕಾಲು ತೊಳೀರಿ ಅಂತೀವಿ, ಡ್ರಮ್ಮಿನಿಂದ ಒಂಥರಾ ವಾಸನೆ ಬೇರೆ. ಯಾರೋ ಪುಣ್ಯಾತ್ಮರು ಹೇಳಿದ್ದಾರೆ. ಒಂದು ಸಾಯಂಕಾಲ ಬೀಟ್‌ನೋರು ಇಬ್ಬರು ಬೈಕಲ್ಲಿ ಬಂದ್ರು. ‘ಯಜಮಾನ್ರೇ, ಏನೋ ಒಳಗೆ ಬೆಳೀತಿದ್ದೀರಂತೆ’ ಅಂದ್ರು. ನಮ್ಮ ಮನೆಯವರ ಮುಖ ಬಿಳಿಚಿಕೊಂಡಿತು. ನಾನು ಒಳಗೆ ಕರ್ಕೊಂಡು ಹೋಗಿ, ಲೈಟು ಹಾಕಿ, ಒಂದೊಂದೇ ಚೀಲ ತೋರಿಸಿದೆ. ಮರ್ಯಾದೆಯಾಗೇ ನೋಡಿದ್ರು, ಬೀಜದ ರಸೀದಿ ಫೋಟೊ ತಗೊಂಡ್ರು. ಅವರಲ್ಲಿ ಒಬ್ಬರು ಹೊರಗೆ ಬಂದು, ‘ಇದರಲ್ಲಿ ಎಷ್ಟು ಉಳಿಯುತ್ತೆ, ನಮ್ಮ ಮನೇಲೂ ಒಂದು ರೂಮು ಖಾಲಿ ಇದೆ’ ಅಂತ ಕೇಳಿದ್ರು. ಅಷ್ಟೇ.

ಆದರೆ ಅದಾದ ವಾರ ನಮ್ಮ ಸಂಬಂಧದ ಹುಡುಗನೊಬ್ಬ, ಓದಿದೋನೇ, ಫೋನ್ ಮಾಡಿ, ‘ಮಾವ, ಅಣಬೆ ಬೆಳೆಯೋಷ್ಟು ಕಷ್ಟದಲ್ಲಿ ಆ ಇನ್ನೊಂದನ್ನೇ ನಾಲ್ಕು ಕುಂಡ ಬೆಳೆದಿದ್ರೆ’ ಅಂತ ನಕ್ಕ. ಉತ್ತರಾಖಂಡದಲ್ಲಿ ಸರ್ಕಾರವೇ ಬಿಟ್ಟಿದೆ ಅಂತಾನೂ ಹೇಳಿದ. ನಗೋಕೆ ಸರಿ. ನಮ್ಮ ಕಡೆ ಹುಡುಗರು ಇದನ್ನ ನಿಜ ಅಂತ ನಂಬೋರೂ ಇದ್ದಾರೆ, ಅದಕ್ಕೆ ಬರೀತೀನಿ. ಉತ್ತರಾಖಂಡದಲ್ಲಿ ಬಿಟ್ಟಿರೋದು ನಾರಿಗೆ ಬೆಳೆಯೋ ತಳಿ. ನಶೆಯ ಅಂಶ 0.3 ಪರ್ಸೆಂಟಿಗಿಂತ ಕಮ್ಮಿ ಇರಬೇಕು, ಅದೂ ಲೈಸೆನ್ಸ್ ತಗೊಂಡೇ. ಲೈಸೆನ್ಸ್ ಇಲ್ಲದೆ ಗಿಡ ಬೆಳೆದ್ರೆ 1985ರ ಎನ್.ಡಿ.ಪಿ.ಎಸ್. ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ 10 ವರ್ಷದ ತನಕ ಕಠಿಣ ಶಿಕ್ಷೆ, 1 ಲಕ್ಷದ ತನಕ ದಂಡ. ಮನೆ ಒಳಗೆ ಬೆಳೆದ್ರೂ ಅಷ್ಟೇ, ಜೋಳದ ಸಾಲಿನ ಮಧ್ಯೆ ಬೆಳೆದ್ರೂ ಅಷ್ಟೇ. ಇನ್ನೊಂದು, ಜಮೀನು ಗುತ್ತಿಗೆಗೆ ಕೊಟ್ಟು ಪೇಟೆ ಸೇರಿರೋರು ಗಮನ ಇಟ್ಟು ಓದಿ: ನಮ್ಮ ಜಮೀನಲ್ಲಿ ಅಂಥ ಗಿಡ ಇದೆ ಅಂತ ಗೊತ್ತಾದ್ರೆ ತಕ್ಷಣ ಪೊಲೀಸಿಗೋ ಅಬಕಾರಿಯೋರಿಗೋ ತಿಳಿಸೋದು ಜಮೀನಿನೋರ ಜವಾಬ್ದಾರಿ ಅಂತ ಅದೇ ಕಾಯ್ದೆಯ 46ನೇ ಸೆಕ್ಷನ್ನಿದೆ. ಗೊತ್ತಿದ್ದೂ ಸುಮ್ಮನಿದ್ರೆ ಅದೂ ತಪ್ಪೇ. ಹಿಂದೆ ನಮ್ಮ ತಾತನ ಕಾಲದಲ್ಲಿ ಭಂಗಿ ಸೇದೋರು ಊರ ಮಠದ ಹತ್ತಿರ ಕೂರ್ತಿದ್ರು ಅಂತ ಕೇಳಿದ್ದೀನಿ, ಆ ಕಾಲ ಬೇರೆ. ಈಗ ನಾಲ್ಕು ಕುಂಡಕ್ಕೆ ಮಗನ ಪಾಸ್‌ಪೋರ್ಟು, ಕೆಲಸ, ಮದುವೆ ಎಲ್ಲಾ ಹೋಗುತ್ತೆ. ಸಾಕು ಈ ಮಾತು.

ನನಗೆ ನಿದ್ದೆ ಕೆಡಿಸಿದ್ದು ಪೊಲೀಸರಲ್ಲ, ನನ್ನ ತಮ್ಮ.

ನಾನು ಚೀಲ ಕಟ್ಟಿ ಆರನೇ ದಿನಕ್ಕೆ ಅವನು ಚಾಕಿ ಕೇಂದ್ರದಿಂದ 150 ಮೊಟ್ಟೆ ಹುಳು ತಂದ. ಎರಡನೇ ಜ್ವರ ಎದ್ದ ಹುಳು. ಅವನ ಮಗಳ ಕಾಲೇಜು ಫೀಸು ಆ ಬೆಳೆ ಮೇಲೆ ನಿಂತಿತ್ತು, ನನಗೂ ಗೊತ್ತಿತ್ತು. ಒಂಬತ್ತನೇ ದಿನ ಬೆಳಗ್ಗೆ ಲೈಟು ಹಾಕಿ ನೋಡ್ತೀನಿ, ನಾಲ್ಕು ಚೀಲದಲ್ಲಿ ಬಿಳಿ ನೂಲಿನ ಪಕ್ಕ ಪಾಚಿ ಥರ ಹಸಿರು. ಮಾರನೇ ದಿನಕ್ಕೆ ಆರು ಚೀಲ. ಇದನ್ನ ಟ್ರೈಕೋಡರ್ಮ ಅಂತಾರೆ. ತಮಾಷೆ ನೋಡಿ, ಅಡಿಕೆ, ಶುಂಠಿ, ಟೊಮ್ಯಾಟೊ ಬುಡಕ್ಕೆ ಕೊಳೆ ರೋಗ ಬರಬಾರದು ಅಂತ ದುಡ್ಡು ಕೊಟ್ಟು ತಂದು ಸಗಣಿ ಗೊಬ್ಬರಕ್ಕೆ ಬೆರೆಸ್ತೀವಲ್ಲ, ಅದೇ ಜಾತಿ. ಹೊಲದಲ್ಲಿ ನೆಂಟ, ಅಣಬೆ ಮನೇಲಿ ಕಳ್ಳ. ಆರರಲ್ಲಿ ಐದು ಭತ್ತದ ಹುಲ್ಲಿನ ಚೀಲ, ಒಂದು ರಾಗಿದು. ಹುಲ್ಲು ತಂದ ಕಡೆಯಿಂದಲೇ ಬಂದಿರಬೇಕು ಅಂತ ನನ್ನ ಲೆಕ್ಕ.

ಆ ಚೀಲಗಳನ್ನ ಒಳಗೆ ಬಿಚ್ಚಲೇಬಾರದು. ಬಿಚ್ಚಿದ್ರೆ ಹಸಿರು ಪುಡಿ ಹಾರಿ ಮಿಕ್ಕ ಚೀಲಕ್ಕೂ ಕೂರುತ್ತೆ. ಗಾಳಿ ಇಲ್ಲದ ಸಮಯ ನೋಡಿ, ಒಂದೊಂದನ್ನೂ ಇನ್ನೊಂದು ಕವರಿನೊಳಗೆ ಹಾಕಿ ಕಟ್ಟಿ, ತಮ್ಮನ ಹುಳು ಮನೆ ಕಡೆ ಹೋಗದೆ ಹಿಂದಿನ ಬಾಗಿಲಿಂದ ಸುತ್ತು ಹಾಕಿಕೊಂಡು ಕೆರೆ ಕಡೆ ಹೊಲಕ್ಕೆ ಒಯ್ದು, ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆ. ಬಂದು ಸ್ನಾನ ಮಾಡಿದೆ, ಬಟ್ಟೆ ಬಿಸಿನೀರಿಗೆ ಹಾಕಿದೆ. ತಮ್ಮನಿಗೆ ಹೋಗಿ ಹೇಳಿದೆ, ಹಿಂಗಾಗಿದೆ, ಹಿಂಗೆ ಮಾಡಿದ್ದೀನಿ ಅಂತ. ಅವನು ಸೊಪ್ಪು ಕತ್ತರಿಸ್ತಾ ಇದ್ದ, ಹೂಂ ಅಂದ ಅಷ್ಟೇ.

ಹದಿನೆಂಟನೇ ದಿನ ಅವನ ಹುಳು ನಾಲ್ಕನೇ ಜ್ವರ ಎದ್ದು ಜೋರಾಗಿ ಸೊಪ್ಪು ತಿನ್ನೋ ಕಾಲ. ಸಂಜೆ ಬಂದು ಬಾಗಿಲ ಹೊರಗೇ ನಿಂತ. ಅಂಗೈಲಿ ನಾಲ್ಕೈದು ಹುಳು. ಬಿಳೀ ಸೀಮೆಸುಣ್ಣದ ತುಂಡಿನ ಹಾಗೆ, ಗಟ್ಟಿ. ನೋಡಿದ ತಕ್ಷಣ ಗೊತ್ತಾಯ್ತು, ಸುಣ್ಣಕಟ್ಟು. ‘ಅಣ್ಣ, ನಿನ್ನ ಬೂಷ್ಟು ನನ್ನ ಹುಳುಗೆ ಬಂತು’ ಅಂದ. ಕೂಗಾಡಲಿಲ್ಲ. ಕೂಗಾಡಿದ್ರೆ ವಾಸಿ ಇತ್ತು. ಅವನ ಹೆಂಡತಿ ಹುಣಸೆ ಮರದ ಹತ್ತಿರ ನಿಂತಿದ್ದಳು, ಹತ್ತಿರ ಬರಲಿಲ್ಲ. ನಮ್ಮಮ್ಮ ಜಗಲಿ ಮೇಲಿಂದ, ‘ನಾಯಿಕೊಡೆ ಬೆಳೆಯಕ್ಕೆ ಹೋಗಿ ಮನೆ ಎರಡು ಮಾಡ್ತೀರಾ’ ಅಂತ ಶುರು ಮಾಡಿದ್ರು.

ನಾನು ವಾದ ಮಾಡಲಿಲ್ಲ. ‘ನಡಿ, ಕೇಳ್ಕೊಂಡು ಬರೋಣ’ ಅಂದೆ. ಬೆಳಗ್ಗೆ ಎದ್ದು ಸತ್ತ ಹುಳ ಒಂದು ಡಬ್ಬೀಲಿ, ನನ್ನ ಚೆನ್ನಾಗಿರೋ ಚೀಲದಿಂದ ಒಂದು ಹಿಡಿ ಬಿಳಿ ಹುಲ್ಲು ಇನ್ನೊಂದು ಡಬ್ಬೀಲಿ ಹಾಕ್ಕೊಂಡು, ಇಬ್ಬರೂ ಒಂದೇ ಬೈಕಲ್ಲಿ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ಹೋದ್ವಿ. ದಾರಿಯುದ್ದಕ್ಕೂ ಮಾತಿಲ್ಲ. ಅಲ್ಲಿದ್ದ ಸಾಹೇಬರು ಎರಡೂ ಡಬ್ಬಿ ನೋಡಿ, ತಮ್ಮನಿಗೆ ಹೇಳಿದ್ದನ್ನ ನನ್ನ ಮಾತಲ್ಲಿ ಬರೀತೀನಿ. ಸುಣ್ಣಕಟ್ಟು ತರೋ ಬೂಷ್ಟಿನ ಹೆಸರು ಬ್ಯುವೇರಿಯಾ. ಅದು ಬದುಕಿರೋ ಹುಳದ ಚರ್ಮ ತೂರಿ ಒಳಗೆ ಹೋಗುತ್ತೆ. ಚಿಪ್ಪು ಅಣಬೆ ಸತ್ತ ಹುಲ್ಲು, ಸತ್ತ ಮರ ತಿಂದು ಬದುಕೋದು, ಅದು ರೇಷ್ಮೆ ಹುಳುವಿಗೆ ಹತ್ತಲ್ಲ. ಮೇಲಾಗಿ ಅಣಬೆ ಇನ್ನೂ ಅರಳೇ ಇಲ್ಲ, ಅದರಿಂದ ಹಾರೋ ಪುಡಿ ಎಲ್ಲಿಂದ ಬರಬೇಕು. ಚಳಿ ಮತ್ತು ತೇವ ಸೇರಿದ ಕಾಲದಲ್ಲಿ ಸುಣ್ಣಕಟ್ಟು ಎಲ್ಲಾ ಕಡೆ ಬರೋದೇ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದ್ರು: ‘ನಿಮ್ಮ ಅಕ್ಕಪಕ್ಕ ತರಕಾರಿಗೆ ಯಾರಾದ್ರೂ ಬ್ಯುವೇರಿಯಾ ಹೊಡೆದಿದ್ದಾರಾ?’ ನಾವಿಬ್ಬರೂ ಮುಖ ಮುಖ ನೋಡ್ಕೊಂಡ್ವಿ. ಬಿಳಿ ನೊಣಕ್ಕೆ, ಥ್ರಿಪ್ಸಿಗೆ ಅಂತ ಅಂಗಡೀಲಿ ಪುಡಿ ಸಿಗುತ್ತಲ್ಲ, ಸಾವಯವ, ವಿಷ ಇಲ್ಲ ಅಂತ. ಪ್ಯಾಕೆಟ್ ಮೇಲೆ ನೋಡಿ, ಬ್ಯುವೇರಿಯಾ ಬ್ಯಾಸಿಯಾನಾ ಅಂತ ಬರೆದಿರುತ್ತೆ. ಅದೇ ಬೂಷ್ಟು. ಕೀಟಕ್ಕೆ ಸುಣ್ಣಕಟ್ಟು ಬರಿಸಕ್ಕೇ ಅದನ್ನ ಹೊಡೆಯೋದು. ರೇಷ್ಮೆ ಹುಳುವೂ ಒಂದು ಹುಳು ತಾನೇ, ಅದಕ್ಕೆ ಬೇರೆ ಚೀಟಿ ಅಂಟಿಸಿರುತ್ತಾ? ನಮ್ಮ ಸೊಪ್ಪಿನ ತೋಟದ ಮೇಲು ಗಾಳಿಗೆ ಗುತ್ತಿಗೆ ಮಾಡೋರ ಕ್ಯಾಪ್ಸಿಕಂ ಇತ್ತು. ಅವರನ್ನ ಕೇಳಿದಾಗ ಹೊಡೆದಿದ್ದೀವಿ ಅಂತ ಒಪ್ಪಿಕೊಂಡ್ರು. ರೇಷ್ಮೆಗೆ ತೊಂದರೆ ಅಂತ ಅವರಿಗೆ ಅಂಗಡಿಯೋರು ಹೇಳೇ ಇರಲಿಲ್ಲ. ಅದರಿಂದಲೇ ಬಂತು ಅಂತ ನಾನು ಬರೆಯಲ್ಲ, ಚಳಿಗೂ ಬಂದಿರಬಹುದು. ಆದ್ರೆ ನಮ್ಮ ಕಡೆ ಇನ್ನೂ ನೂರಾರು ಮನೆ ಹುಳು ಮೇಯಿಸ್ತಾರೆ. ಸೊಪ್ಪಿನ ತೋಟ ಹತ್ತಿರ ಇದ್ರೆ ಆ ಪುಡಿ ಬೇಡ ಸ್ವಾಮಿ. ಬೇವಿನೆಣ್ಣೆ ಹೊಡೆಯೋದಾದ್ರೂ ಸೊಪ್ಪಿನೋರಿಗೆ ಒಂದು ಮಾತು ಹೇಳಿ ಹೊಡೀರಿ.

ಸಾಹೇಬರು ನನಗೂ ಒಂದು ಮಾತು ಹೇಳಿದ್ರು. ಹಸಿರು, ಕಪ್ಪು, ಹಳದಿ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಅಂತ ಒಂದು ಜಾತಿ ಇದೆ, ಅದು ಚಾಕಿ ಹುಳುವಿಗೆ ಹತ್ತುತ್ತೆ. ಅದಕ್ಕೆ ಕೆಟ್ಟ ಚೀಲ ಹುಳು ಮನೆ ಹತ್ತಿರ ಒಂದು ಗಂಟೆಯೂ ಇರಬಾರದು, ತಿಪ್ಪೆಗಂತೂ ಹಾಕಲೇಬಾರದು. ನಾನು ಹೂತಿದ್ದೀನಿ ಅಂದಾಗ, ಸರಿಯಾಯ್ತು ಅಂದ್ರು. ಅದನ್ನ ತಮ್ಮ ಕೇಳಿಸ್ಕೊಂಡ.

ಅವತ್ತಿಂದ ಮೂರು ದಿನ ನಾನೂ ನಮ್ಮ ಮನೆಯವರೂ ಅವನ ಮನೇಲೇ. ಸತ್ತ ಹುಳ ಗಟ್ಟಿಯಾಗಿ ಬಿಳಿ ಬರೋಕೆ ಮುಂಚೆಯೇ ಆರಿಸಿ ತೆಗೀಬೇಕು, ಬೆಳ್ಳಗಾದ ಮೇಲೆ ಅದರ ಮೈಯಿಂದಲೇ ಪುಡಿ ಹಾರುತ್ತೆ. ಸುಣ್ಣದ ಪುಡಿ ಧೂಳಿಸಿ, ಹಾಸಿಗೆ ತೆಳ್ಳಗೆ ಮಾಡಿ, ಗಾಳಿ ಬಿಟ್ಟು, ಒದ್ದೆ ಸೊಪ್ಪು ಹಾಕೋದು ನಿಲ್ಲಿಸಿದ್ವಿ. ಎರಡು ತಟ್ಟೆಯಷ್ಟು ಹೋಯ್ತು, ಮಿಕ್ಕಿದ್ದು ಉಳೀತು. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ರಾತ್ರಿ ನಮ್ಮ ಮನೆಯವರು ಮಂಡಿ ನೋವು ಮರೆತು ಹನ್ನೆರಡರ ತನಕ ಅಲ್ಲೇ ಕೂತಿದ್ರು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೋಯ್ತು. ಫೀಸೂ ಕಟ್ಟಿದ ಅಂತ ಮಗಳು ಹೇಳಿದ್ಲು. ಅವನು ಹೇಳಲಿಲ್ಲ.

ಅಷ್ಟರಲ್ಲಿ ನನ್ನ 34 ಚೀಲ ಪೂರ್ತಿ ಬೆಳ್ಳಗಾಗಿ, ಮುಟ್ಟಿದ್ರೆ ಗಟ್ಟಿ ಇಟ್ಟಿಗೆ ಥರ ಆಗಿದ್ವು. 23ನೇ ದಿನ ಪ್ಲಾಸ್ಟಿಕ್ ಬಿಚ್ಚಿ ಹಗ್ಗಕ್ಕೆ ನೇತು ಹಾಕಿದೆ. ಇಲ್ಲಿಂದ ಕತ್ತಲೆ ಬೇಡ. ದಿನಕ್ಕೆ ಮೂರು ನಾಲ್ಕು ಗಂಟೆ ಬೆಳಕು ಬೇಕು, ಗಾಳಿ ಬೇಕು, ತೇವ 80-85 ಇರಬೇಕು. ಗೋಡೆಗೆ, ನೆಲಕ್ಕೆ, ಗೋಣಿಗೆ ದಿನಕ್ಕೆ ಮೂರು ಸಲ ನೀರು. ಮೊಗ್ಗು ಇರೋವಾಗ ಅದರ ಮೇಲೆ ನೇರ ಹೊಡೀಬಾರದು, ಕೊಳೆಯುತ್ತೆ. ಐದನೇ ದಿನ ಸೂಜಿ ತಲೆಯಷ್ಟು ಮೊಗ್ಗು ಬಂತು. ಆಮೇಲೆ ನೋಡಬೇಕು ಅದರ ವೇಗ! ಬೆಳಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ಸಂಬಂಧ ಇಲ್ಲ. ಮೂರು ನಾಲ್ಕು ದಿನಕ್ಕೆ ಅಂಗೈ ಅಗಲ. ರಾಗಿ ಮೂರು ತಿಂಗಳು ಕಾಯೋ ನಮಗೆ ಇದು ಹಗಲು ವೇಷದ ಥರ ಕಾಣುತ್ತೆ.

ಮೂಲೇಲಿದ್ದ ಚೀಲಗಳಲ್ಲಿ ಕೊಡೆ ಚಿಕ್ಕದು, ಕಾಂಡ ಮಾತ್ರ ಉದ್ದ. ಅದು ಉಸಿರು ಕಟ್ಟಿದ ಲಕ್ಷಣ. ಅಣಬೆಯೂ ನಮ್ಮ ಹಾಗೇ ಗಾಳಿ ಎಳ್ಕೊಂಡು ಕೆಟ್ಟ ಗಾಳಿ ಬಿಡುತ್ತೆ, ಮೂಲೇಲಿ ಅದು ನಿಲ್ಲುತ್ತೆ. ಮೇಲಿನ ಗವಾಕ್ಷಿ ಎರಡೂ ತೆಗೆದು ಸೊಳ್ಳೆ ಪರದೆ ಹೊಡೆದೆ, ಎರಡನೇ ಕೊಯ್ಲಿಗೆ ಸರಿ ಹೋಯ್ತು.

ಕೊಯ್ಯೋದು ಕೊಡೆಯ ಅಂಚು ಮೇಲಕ್ಕೆ ಮಡಚೋಕೆ ಮುಂಚೆ. ಕುಡುಗೋಲು ಬೇಡ, ಬುಡ ಹಿಡಿದು ತಿರುಗಿಸಿದ್ರೆ ಗೊಂಚಲೇ ಬರುತ್ತೆ. ಒಂದು ದಿನ ತಡ ಆದ್ರೆ ಬಿಳಿ ಪುಡಿ ಉದುರಿ ನೆಲವೆಲ್ಲ ಹಿಟ್ಟು ಚೆಲ್ಲಿದ ಹಾಗಾಗುತ್ತೆ. ಆ ಪುಡಿ ಎದೆಗೆ ಹೋದ್ರೆ ಕೆಮ್ಮು ಹಿಡಿಯುತ್ತೆ. ಉಬ್ಬಸ ಇರೋರು ಈ ಕೆಲಸಕ್ಕೆ ಬರಲೇಬೇಡಿ, ಇಲ್ಲದೋರೂ ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಒಳಗೆ ಹೋಗಿ. ನಾನು ಮೊದಲ ದಿನದಿಂದ ಕಟ್ಟಿದ್ದೀನಿ.

ಮೊದಲ ಕೊಯ್ಲು ಹನ್ನೊಂದೂವರೆ ಕೆ.ಜಿ. ಸಂಕ್ರಾಂತಿ ಹೊತ್ತಿಗೆ ಎರಡನೇದು 7 ಕೆ.ಜಿ. ಮೂರನೇದು 3 ಕೆ.ಜಿ. 200 ಗ್ರಾಂ. ಒಟ್ಟು 21 ಕೆ.ಜಿ. 700 ಗ್ರಾಂ, ಅಂದ್ರೆ ಒಂದು ಕೆ.ಜಿ. ಒಣ ಹುಲ್ಲಿಗೆ ಸುಮಾರು 640 ಗ್ರಾಂ. ರಾಗಿ ಹುಲ್ಲಿನ ಚೀಲ ಭತ್ತದ್ದಕ್ಕಿಂತ ಸ್ವಲ್ಪವೇ ಕಮ್ಮಿ ಬಂತು. ಕಳ್ಳ ಬೂಷ್ಟು ಅದರಲ್ಲಿ ಒಂದೇ ಚೀಲಕ್ಕೆ ಬಂದಿದ್ದು, ಅದಕ್ಕೆ ನನಗೆ ರಾಗಿ ಹುಲ್ಲಿನ ಮೇಲೇ ಮನಸ್ಸು. ದನಕ್ಕೆ ಬೇಡವಾ ಅಂತ ಕೇಳಿದ್ರೆ, ಅದೂ ನಿಜ.

ಮಾರೋದು ಬೆಳೆಯೋದಕ್ಕಿಂತ ಕಷ್ಟ. ಪೇಟೆಯೋರಿಗೆ ಅಣಬೆ ಅಂದ್ರೆ ಗುಂಡಗಿರೋ ಬಟನ್ನೇ. ಇದನ್ನ ನೋಡಿ ‘ಇದೇನು ಕಿವಿ ಥರ ಇದೆ’ ಅಂತಾರೆ. ನಮ್ಮ ಹಳ್ಳಿಯೋರಿಗೆ ಮುಂಗಾರಲ್ಲಿ ಹುತ್ತದ ಮೇಲೆ ಏಳೋ ಅಣಬೆಯ ರುಚಿ ಗೊತ್ತು, ಕೊಟ್ಟ ತಕ್ಷಣ ಸಾರು ಮಾಡಿದ್ರು. ಶನಿವಾರ ತಿನ್ನಬಹುದಾ ಬೇಡವಾ ಅಂತ ಎರಡು ಮನೇಲಿ ಜಗಳ ಆಯ್ತಂತೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸಸ್ಯವೂ ಅಲ್ಲ ಪ್ರಾಣಿಯೂ ಅಲ್ಲ ಅಂತ ಮಾತ್ರ ಹೇಳಿದ್ದೀನಿ. ಮನೆಗೆ, ನೆಂಟರಿಗೆ ಅಂತ 4 ಕೆ.ಜಿ. ಹೋಯ್ತು. 200 ಗ್ರಾಂ ಪ್ಯಾಕೆಟ್ 40 ರೂಪಾಯಿಯಂತೆ 50 ಪ್ಯಾಕೆಟ್ ಹೋಯ್ತು, 2000. ಒಂದು ಮೆಸ್ಸಿನೋರು 5 ಕೆ.ಜಿ. 150ರಂತೆ ತಗೊಂಡ್ರು, 750. ಮಿಕ್ಕ 2 ಕೆ.ಜಿ. 700 ಗ್ರಾಂ ಮಾರದೆ ಉಳಿದಿದ್ದನ್ನ ಬಿಸಿಲಿಗೆ ಒಣಗಿಸಿದೆ, ಕಾಲು ಕೆ.ಜಿ. ಚಿಲ್ಲರೆ ಬಂತು. ಹತ್ತಕ್ಕೆ ಒಂದರ ಲೆಕ್ಕ. ಡಬ್ಬೀಲಿದೆ.

ಖರ್ಚು: ಬೀಜ 4 ಕೆ.ಜಿ.ಗೆ 400, ಹುಲ್ಲು 300, ಚೀಲ ತುಂಬೋ ಕವರು 200, ಸುಣ್ಣ ಬ್ಲೀಚಿಂಗ್ 150, ಪ್ಯಾಕಿಂಗ್ 100, ಪೆಟ್ರೋಲ್ 500. ಒಟ್ಟು 1650. ಡ್ರಮ್ಮು 900, ಹಗ್ಗ 250, ಇವು ಮುಂದಕ್ಕೂ ಬರುತ್ತವೆ. ಎಲ್ಲಾ ಸೇರಿಸಿದ್ರೆ 2750 ಬಂತು, 2800 ಹೋಯ್ತು. ಐವತ್ತು ರೂಪಾಯಿ ಕೈಯಿಂದ. ನಮ್ಮಿಬ್ಬರ ಕೂಲಿ ಹಾಕಿಲ್ಲ, ಸೌದೆ ಹಾಕಿಲ್ಲ. ಯೂಟ್ಯೂಬಿನಲ್ಲಿ ತಿಂಗಳಿಗೆ ಲಕ್ಷ ಅನ್ನೋರ ಲೆಕ್ಕ ಅವರದ್ದು, ಇದು ನಮ್ಮದು. ಮುಂದಿನ ಸಲ ಡ್ರಮ್ಮಿನ ಖರ್ಚು ಇರಲ್ಲ, ಹೊರಗಿನ ಹುಲ್ಲು ತರಲ್ಲ, ಮತ್ತೆ ಒಂದೇ ದಿನ 40 ಚೀಲ ಕಟ್ಟೋ ಬದಲು ವಾರಕ್ಕೆ ಹತ್ತು ಕಟ್ಟಿದ್ರೆ ವಾರ ವಾರವೂ ಸ್ವಲ್ಪ ಸ್ವಲ್ಪ ಬರುತ್ತೆ, ಮಾರಕ್ಕೆ ಸುಲಭ ಅನ್ನೋದು ನನ್ನ ಯೋಚನೆ.

ಆದರೆ ಅದಕ್ಕೆ ತಮ್ಮ ಒಪ್ಪಬೇಕಿತ್ತು. ಕೇಂದ್ರದ ಸಾಹೇಬರು ಏನೇ ಹೇಳಿರಲಿ, ಅವನ ಹೆಂಡತಿಗೆ ಈಗಲೂ ಪೂರ್ತಿ ನಂಬಿಕೆ ಇಲ್ಲ. ನಾನು ಅವಳಾಗಿದ್ರೂ ನಂಬ್ತಿರಲಿಲ್ಲ. ವಾರಕ್ಕೆ ಹತ್ತು ಚೀಲ ಅಂದ್ರೆ ನಮ್ಮ ಮನೇಲಿ ಯಾವಾಗಲೂ ಹೊಸ ಚೀಲ ಇರುತ್ತೆ, ಯಾವಾಗಲೂ ಹಸಿರು ಬರೋ ಭಯ ಇರುತ್ತೆ. ಜಗಲಿ ಮೇಲೆ ಕೂತು ಮಾತಾಡಿದ್ವಿ, ಅಮ್ಮನೂ ಇದ್ರು. ಹೀಗೆ ತೀರ್ಮಾನ ಆಯ್ತು: ಅವನು ಹುಳು ತರೋ ವಾರದಿಂದ ನಾಲ್ಕನೇ ಜ್ವರ ಏಳೋ ತನಕ ನಾನು ಹೊಸ ಚೀಲ ಕಟ್ಟಲ್ಲ. ಆಗ ಒಳಗಿರೋ ಚೀಲವೆಲ್ಲ ನೂಲು ಹಬ್ಬಿ ಮುಗಿದಿರಬೇಕು. ಒಂದು ಚೀಲ ಹಸಿರಾದ್ರೂ ಅದೇ ದಿನ ಅವನಿಗೆ ಹೇಳಬೇಕು. ನಮ್ಮ ಮನೆ ಬಟ್ಟೇಲಿ ಅವನ ಹುಳು ಮನೆಗೆ ಹೋಗೋ ಹಾಗಿಲ್ಲ. ಅಣಬೆ ಮುಗಿದ ಹುಲ್ಲು ಅವನ ಸೊಪ್ಪಿನ ತೋಟಕ್ಕೆ ಗೊಬ್ಬರಕ್ಕೆ ಬೇಕು ಅಂತ ಅವನೇ ಕೇಳಿದ. ಮೂರು ತಿಂಗಳು ಬೇರೆ ಗುಂಡೀಲಿ ಕೊಳೆತ ಮೇಲೆ ಕೊಡ್ತೀನಿ ಅಂದೆ.

ಈಗ ಅವನ ಮನೇಲಿ 200 ಮೊಟ್ಟೆ ಹುಳು, ಮೂರನೇ ಜ್ವರಕ್ಕೆ ಕೂತಿವೆ. ನನ್ನ ಮನೆ ತೊಳೆದು ಸುಣ್ಣ ಬಳಿದು ಬೀಗ ಹಾಕಿದ್ದೀನಿ. ಅವನ ಹುಳು ಚಂದ್ರಿಕೆ ಹತ್ತಿದ ಮೇಲೆ ಹತ್ತು ಚೀಲ ಕಟ್ತೀನಿ, ರಾಗಿ ಹುಲ್ಲಲ್ಲೇ. ನೋಡಬೇಕು ಅನ್ನೋರು ಆವಾಗ ಬನ್ನಿ. ಮೊದಲು ಫೋನ್ ಮಾಡಿ ಬನ್ನಿ, ಹೊಲದಲ್ಲಿ ಔಷಧಿ ಹೊಡೆದ ಬಟ್ಟೇಲಿ ಬರಬೇಡಿ, ಹುಣಸೆ ಮರದ ಈಚೆ ಕಡೆಯಿಂದಲೇ ಬನ್ನಿ.